ಸೀಟಿ ಊದುವ ಮೊದಲು

ಹಾಲಿಸ್, ಮಿಸಿಸಿಪ್ಪಿ
ಮಂಗಳವಾರ, ಅಕ್ಟೋಬರ್ 9, 2012

ನನ್ನ ಮುದ್ದು ಡೆಲ್ಫಿನ್‌ಗೆ,

ಅಮ್ಮನ ಪ್ರೀತಿ, ಜೊತೆಗೆ ಸ್ವಲ್ಪ ಬೈಗುಳ. ಬೈಗುಳ ಯಾಕೆಂದರೆ ಭಾನುವಾರ ನೀನು ನಾನು ಹೇಳುವುದನ್ನು ಪೂರ್ತಿ ಕೇಳದೆ ಫೋನ್ ಇಟ್ಟುಬಿಟ್ಟೆ. "ಅಮ್ಮಾ, ನೀನು ಬರದಿದ್ರೆ ಬಿಡು. ಶುಕ್ರವಾರ ನಾನೇ ಕಾರ್ ತಗೊಂಡು ಬಂದು ಅಪ್ಪನ್ನ ಕರ್ಕೊಂಡು ಹೋಗ್ತೀನಿ" ಎಂದೆ. ಶಾಲೆಯಲ್ಲಿ ಉಪಪ್ರಾಂಶುಪಾಲೆ ಆದಮೇಲೆ ನಿನಗೆ ಎಲ್ಲರೂ ತರಗತಿಯ ಹೊರಗೆ ನಿಲ್ಲಿಸಿದ ಮಕ್ಕಳ ಹಾಗೇ ಕಾಣುತ್ತಾರೇನೋ. ಪತ್ರವಾದರೆ ನಡುವೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ, ಅದಕ್ಕೇ ಬರೆಯಲು ಕೂತೆ. ಇನ್ನೊಂದು ಕಾರಣವೂ ಇದೆ. ಫೋನ್ ಇರುವುದು ಅಡುಗೆಮನೆಯ ಗೋಡೆಯಲ್ಲಿ, ಅದರ ಕೆಳಗೇ ನಿಮ್ಮಪ್ಪ ದಿನವಿಡೀ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅವರ ವಿಷಯವನ್ನು ಅವರ ತಲೆಯ ಮೇಲೇ ನಿಂತು ಮಾತಾಡುವುದು ನನಗೆ ಆಗುವುದಿಲ್ಲ.

ಅಕ್ಷರ ನೋಡಿ ನಗಬೇಡ. ಬಲಗೈ ಇನ್ನೂ ಪ್ಲಾಸ್ಟರಿನಲ್ಲೇ ಇದೆ, ಇದೆಲ್ಲ ಎಡಗೈ ಕೆಲಸ. ಹಿತ್ತಲ ಮೆಟ್ಟಿಲ ಮೇಲೆ ಜಾರಿದೆ ಎಂದು ಹೇಳಿದ್ದೆನಲ್ಲ, ಅದನ್ನು ಕೇಳಿದ ದಿನದಿಂದ ನಿಮ್ಮಪ್ಪನಿಗೆ ಆ ಮೆಟ್ಟಿಲಿನ ಮೇಲೆ ಹಗೆ. ಹೊಸ ಹಲಗೆ, ಮೊಳೆ ತರಿಸಿ ಒಂದು ಮಧ್ಯಾಹ್ನವಿಡೀ ಬಡಿದರು. "ನಿನ್ನ ಬೀಳ್ಸಿದ್ದು ಇದಾ? ಇಲ್ಲ ಇದಾ?" ಎಂದು ಒಂದೊಂದು ಮೆಟ್ಟಿಲನ್ನೂ ತೋರಿಸಿ ಕೇಳಿದರು. ನಾನು ಒಂದನ್ನು ತೋರಿಸಿದೆ. ಅದಕ್ಕೆ ಎರಡರಷ್ಟು ಮೊಳೆ ಬಿತ್ತು. ಈಗ ಅದರ ಮೇಲೆ ಆನೆ ನಡೆದರೂ ಅಲುಗುವುದಿಲ್ಲ.

ಶನಿವಾರ ಕಾಲೇಜಿನ ಸಮಾರಂಭಕ್ಕೆ ಬರದಿರಲು ನನ್ನ ನೆಪಗಳನ್ನು ಮೊದಲು ಹೇಳಿ ಮುಗಿಸುತ್ತೇನೆ. ಶನಿವಾರ ಚರ್ಚಿನಲ್ಲಿ ಹಿರಿಯರ ದಿನ, ಕೋಳಿ ಕರಿಯುವ ಸರದಿ ನನ್ನದು. ನಿಮ್ಮಪ್ಪನ ರಕ್ತದೊತ್ತಡ ಹತೋಟಿಯಲ್ಲಿಲ್ಲ. ಕಾಲ್ಡರ್ ಕಾಲೇಜಿಗೆ ಹೋಗುವ ದಾರಿ ಪೂರ್ತಿ ಅಗೆದು ಹಾಕಿದ್ದಾರೆ. ಇದನ್ನು ಓದುತ್ತಾ ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಬರೆದು ನೋಡಿದರೆ ನನಗೇ ನಂಬಿಕೆ ಬರಲಿಲ್ಲ, ಇನ್ನು ನಿನಗೆಲ್ಲಿಂದ ಬರಬೇಕು.

ಹಾಗಂತ ನನಗೆ ಹೆಮ್ಮೆ ಇಲ್ಲವೆಂದು ತಿಳಿಯಬೇಡ. ಭಾನುವಾರ ನೀನು ಹೇಳಿದ್ದರಲ್ಲಿ ನನಗೆ ಚುಚ್ಚಿದ್ದು ಅದೊಂದೇ ಮಾತು. "ಅಪ್ಪ ರಕ್ತ ಸುರಿಸಿ ಗಳಿಸಿದ್ದನ್ನ ನೀನು ಬೀರುವಲ್ಲಿಟ್ಟು ಬೀಗ ಹಾಕ್ತೀಯ ಅಮ್ಮಾ" ಎಂದೆ. ಮಗಳೇ, ಆ ರಕ್ತದ ಅಂಗಿಗಳನ್ನು ತೊಳೆದಿದ್ದು ನಾನು. ಕಾಲ್ಡರ್ ಕಾಲೇಜಿನ ಫುಟ್ಬಾಲ್ ತಂಡದಲ್ಲಿ ಆಡಿದ ಮೊದಲ ಕಪ್ಪು ಹುಡುಗ ನಿಮ್ಮಪ್ಪ ಎನ್ನುವುದನ್ನು ನನಗೆ ಯಾರೂ ಪಾಠ ಮಾಡಬೇಕಾಗಿಲ್ಲ. ತಂಡ ಹೋಟೆಲಿನ ಒಳಗೆ ಉಣ್ಣುವಾಗ ಬಸ್ಸಿನಲ್ಲೇ ಕೂತು ತಣ್ಣಗಿನ ಬ್ರೆಡ್ಡು ತಿಂದವರು ಅವರು. ಹೆಲ್ಮೆಟ್ ತೊಟ್ಟು, ಚೆಂಡು ಕಂಕುಳಲ್ಲಿ ಹಿಡಿದು ಓಡಿದರೆ ಅವರ ಕಾಲೇಜಿನ ಜನವೇ ಐಸ್ ತುಂಡು ಎಸೆಯುತ್ತಿದ್ದರು, ಗೆದ್ದುಕೊಟ್ಟರೆ ಅದೇ ಕೈಗಳಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಇವತ್ತು ಆ ತಂಡದಲ್ಲಿ ಅರ್ಧಕ್ಕರ್ಧ ನಮ್ಮ ಹುಡುಗರು. ಕ್ಷೌರದ ಅಂಗಡಿಗೆ ನಿಮ್ಮಪ್ಪ ಕಾಲಿಟ್ಟರೆ ಮುಖಕ್ಕೆ ಸೋಪು ಹಚ್ಚಿಕೊಂಡವರೂ ಎದ್ದು ನಿಲ್ಲುತ್ತಾರೆ. ನಿನ್ನ ಮಗ ಎಮರಿ ಅದೇ ಕಾಲೇಜಿನ ಬಾಗಿಲಲ್ಲಿ ಯಾರನ್ನೂ ಬೇಡದೆ ಒಳಗೆ ಹೋದನಲ್ಲ, ಆ ಬಾಗಿಲು ತೆರೆದವರು ಅವನ ತಾತ. ಇದೆಲ್ಲ ನಿಜ. ನನಗೆ ಭಯವಾಗಿರುವುದು ಬೇರೆಯದಕ್ಕೆ.

ಎಮರಿ ಹೋದ ತಿಂಗಳು ಭಾನುವಾರದ ಊಟಕ್ಕೆ ಬಂದಿದ್ದ. ಎರಡು ತಟ್ಟೆ ಸೊಪ್ಪು, ಅರ್ಧ ಬಾಣಲೆ ಮೆಕ್ಕೆಜೋಳದ ರೊಟ್ಟಿ ಒಬ್ಬನೇ ಖಾಲಿ ಮಾಡಿದ. ಶನಿವಾರಕ್ಕೆಂದು ಕೊಟ್ಟ ಹೊಸ ಜರ್ಸಿಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ತಂದಿದ್ದ. ಕಡು ಕೆಂಪು, ಮೇಲೆ ಬಿಳಿಯ ನಲವತ್ತನಾಲ್ಕು, ತಾತ ತೊಡುತ್ತಿದ್ದ ಅದೇ ಸಂಖ್ಯೆ. "ಅಜ್ಜಿ, ಪ್ರಾರ್ಥನೆ ಬಟ್ಟೆ ಹೊಲಿದು ಕೊಡ್ತೀಯಲ್ಲ? ಅಮ್ಮನ ಮದುವೆ ಗೌನಿಗೂ ಹೊಲಿದಿದ್ಯಂತೆ" ಎಂದ. ಚರ್ಚಿನ ಹಿರಿಯರು ಎಣ್ಣೆ ಮುಟ್ಟಿಸಿ ಪ್ರಾರ್ಥಿಸಿದ ಆ ರಕ್ಷೆಯ ಬಟ್ಟೆಚೂರನ್ನು ಈ ಕಾಲದ ಹುಡುಗ ತಾನಾಗಿ ಕೇಳುತ್ತಾನೆಂದು ನಾನು ಎಣಿಸಿರಲಿಲ್ಲ. ಖುಷಿಯಾಯಿತು. ನಿನಗೆ ಗೊತ್ತಲ್ಲ, ಆ ಚೂರು ಒಳಭಾಗದಲ್ಲಿ ಎದೆಯ ನೇರಕ್ಕೇ ಕೂರಬೇಕು, ಒಂದು ಬೆರಳು ಆಚೀಚೆಯಾದರೂ ನನಗೆ ಸಮಾಧಾನವಿಲ್ಲ. ಜರ್ಸಿ ಇನ್ನೂ ನನ್ನ ಹತ್ತಿರವೇ ಇದೆ. ಹೊಲಿಗೆ ಮುಗಿದಿಲ್ಲ.

ಅವತ್ತು ನಿಮ್ಮಪ್ಪ ಎಮರಿಯನ್ನು ಊಟದ ಉದ್ದಕ್ಕೂ ನೋಡುತ್ತಲೇ ಇದ್ದರು. ಹೊರಡುವಾಗ ಅವನ ಕತ್ತಿನ ಹಿಂದೆ ಕೈಯಿಟ್ಟು, ಬೆರಳುಗಳಿಂದ ಮೂಳೆ ಮೂಳೆಯನ್ನೂ ತಡವಿ, "ನೋವಿಲ್ಲ ತಾನೇ?" ಎಂದು ಕೇಳಿದರು. ಎಮರಿ ನಗುತ್ತಾ, "ಇಲ್ಲ ತಾತ, ಯಾಕೆ?" ಎಂದ. "ಒಳ್ಳೇದಾಯ್ತು ವೆಂಡೆಲ್" ಎಂದರು. ಎಮರಿ ನನ್ನ ಕಡೆ ನೋಡಿದ. ವಯಸ್ಸಾದವರಿಗೆ ಹೆಸರು ಅದಲು ಬದಲಾಗುತ್ತದೆ ಎಂದು ಹೇಳಿ, ಉಳಿದ ಕೋಳಿ ಕಟ್ಟಿಕೊಟ್ಟು ಕಳಿಸಿದೆ.

ವೆಂಡೆಲ್ ಎಂದರೆ ನಿನ್ನ ಸೋದರಮಾವ ಎಂದು ನಿನಗೆ ಗೊತ್ತು. ನೀನು ಹುಟ್ಟುವ ಮೊದಲೇ ತೀರಿಕೊಂಡ, ಹತ್ತಿ ಗಿರಣಿಯಲ್ಲಿ ಲಾರಿಯಿಂದ ಬಿದ್ದು ಕತ್ತು ಮುರಿದುಕೊಂಡಿದ್ದ ಎಂದೂ ಗೊತ್ತು. ಅದನ್ನು ಹೇಳಿದ್ದು ನನ್ನ ಅಪ್ಪ ಅಮ್ಮ. ಅವರಿಗೆ ಹೇಳಿದ್ದು ವೆಂಡೆಲ್‌ನೇ. ಡೆಲ್ಫಿನ್, ಅವನು ಯಾವ ಲಾರಿಯಿಂದಲೂ ಬಿದ್ದಿರಲಿಲ್ಲ.

ಈಗ ಎದ್ದು ಹೋಗಿ ನಿನ್ನ ಹಜಾರದ ಗೋಡೆಯಲ್ಲಿರುವ ಆ ದೊಡ್ಡ ಫೋಟೋ ನೋಡು. ಕಾಲೇಜಿನವರು ನಿನಗೆ ಚೌಕಟ್ಟು ಹಾಕಿಸಿ ಕೊಟ್ಟಿದ್ದು. ಬಂದವರಿಗೆಲ್ಲ ತೋರಿಸುತ್ತೀಯಲ್ಲ, ತಂಡದವರೆಲ್ಲ ಸುತ್ತ ನಿಂತಿದ್ದಾರೆ, ನಡುವೆ ನಿಮ್ಮಪ್ಪ, ಎಷ್ಟು ಚೆನ್ನಾಗಿ ಒಪ್ಪಿಕೊಂಡಿದ್ದಾರೆ ಎಂದು. ನಿಮ್ಮಪ್ಪನ ಎದುರು ಇನ್ನೊಬ್ಬ ಹುಡುಗ ಇದ್ದಾನೆ, ಬೆನ್ನು ಮಾತ್ರ ಕಾಣುತ್ತದೆ, ಹೆಲ್ಮೆಟ್ಟು ಸ್ವಲ್ಪ ಮುಂದಕ್ಕೆ ವಾಲಿದೆ. ಅವನ ತೋಳು ನೋಡು, ಅವನೂ ನಮ್ಮವನೇ. ಅದು ವೆಂಡೆಲ್. ನಿನ್ನ ಮನೆಯಲ್ಲಿ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತೇನೆ ಎಂದು ನೀನು ಎಷ್ಟು ಸಲ ರೇಗಿದ್ದೀಯ.

ಅರವತ್ತೇಳನೇ ಇಸವಿಯಲ್ಲಿ ಆ ಕಾಲೇಜಿಗೆ ನಮ್ಮವರು ಇಬ್ಬರು ಹೋದರು, ಒಬ್ಬರಲ್ಲ. ಇದೇ ಊರಿನವರು, ಒಂದೇ ಬೀದಿಯವರು. ವೆಂಡೆಲ್ ಜೊತೆ ಹೋದವನು ಆಗಿನ್ನೂ ನಿಮ್ಮಪ್ಪ ಅಲ್ಲ, ನನ್ನ ಅಣ್ಣನ ಜೊತೆಗಾರ ಆಂಬ್ರೋಸ್. ನಮ್ಮಮ್ಮ ಇಬ್ಬರ ಅಂಗಿಗೂ ಎದೆಯ ನೇರಕ್ಕೆ ಅಂಥದೇ ಬಟ್ಟೆಚೂರು ಹೊಲಿದು ಬಸ್ಸು ಹತ್ತಿಸಿದಳು.

ತಾಲೀಮಿನಲ್ಲಿ ಕೋಚ್ ಒಂದು ಪದ್ಧತಿ ಇಟ್ಟುಕೊಂಡಿದ್ದ. ಎಲ್ಲರೂ ಸುತ್ತ ನಿಲ್ಲಬೇಕು. ನಡುವೆ ಇಬ್ಬರು. ಸೀಟಿ ಊದಿದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಬೇಕು. ಮತ್ತೆ ಎದ್ದು ನಿಲ್ಲಬೇಕು, ಮತ್ತೆ ಸೀಟಿ. ಯಾರು ನಿಂತಿರುತ್ತಾನೋ ಅವನು ಗಟ್ಟಿ. ಹೊಸಬರಿಗೆಲ್ಲ ಇದೇ ಗತಿ, ಆದರೆ ಬೇರೆ ಹುಡುಗರಿಗೆ ದಿನಕ್ಕೊಬ್ಬ ಹೊಸ ಎದುರಾಳಿ ಸಿಗುತ್ತಿದ್ದ. ಇವರಿಬ್ಬರನ್ನು ಮಾತ್ರ ಕೋಚ್ ಪ್ರತಿ ಸಲವೂ ಒಬ್ಬರ ಎದುರು ಒಬ್ಬರನ್ನೇ ನಿಲ್ಲಿಸುತ್ತಿದ್ದ. "ನಿಮ್ಮಲ್ಲಿ ಒಬ್ಬನಿಗೆ ಜಾಗ ಇದೆ. ಯಾರಂತ ನೀವೇ ತೀರ್ಮಾನ ಮಾಡ್ಕೊಳ್ಳಿ" ಎಂದಿದ್ದನಂತೆ. ಸೀಟಿ ಊದಿದರೂ ಕದಲದವನು ಅವತ್ತೇ ಗಂಟುಮೂಟೆ ಕಟ್ಟಬೇಕು.

ಆ ಸೆಪ್ಟೆಂಬರಿನ ಬಿಸಿಲು, ನೀರು ಕೊಡುತ್ತಿರಲಿಲ್ಲ. ಮೊದಲ ಸೀಟಿಗೆ ಇಬ್ಬರೂ ಬಿದ್ದರು. ಎರಡನೆಯದಕ್ಕೂ ಬಿದ್ದರು. ಮೂರನೆಯ ಸಲ ವೆಂಡೆಲ್ ಎದ್ದು ನಿಂತ, ಆದರೆ ತಲೆ ಮೇಲಕ್ಕೆ ಬರಲಿಲ್ಲ. ಸೋತು ಮುಂದಕ್ಕೆ ಜೋತುಬಿದ್ದಿತ್ತು. ನಿನ್ನ ಗೋಡೆಯ ಮೇಲಿರುವುದು ಆ ಗಳಿಗೆ. ಕೋಚ್ ಸೀಟಿ ಊದಿದ. ಆಂಬ್ರೋಸ್ ನುಗ್ಗಿದ, ಬಾಗಿದ ತಲೆಗೇ ಪೆಟ್ಟು ಬಿದ್ದು ಕತ್ತು ಮುರಿಯಿತು.

ವೆಂಡೆಲ್ ಆರು ವರ್ಷ ನಮ್ಮ ಮುಂದಿನ ಕೋಣೆಯಲ್ಲಿ ಮಲಗಿದ್ದ. ಕತ್ತಿನಿಂದ ಕೆಳಗೆ ಒಂದು ನೊಣ ಕೂತರೂ ಅವನಿಗೆ ತಿಳಿಯುತ್ತಿರಲಿಲ್ಲ. ಇದನ್ನೆಲ್ಲ ನನಗೊಬ್ಬಳಿಗೇ ಹೇಳಿದ. ನಮ್ಮಪ್ಪನಿಗೆ ತಿಳಿದರೆ ಬಂದೂಕು ಹಿಡಿದು ಆಂಬ್ರೋಸ್‌ನ ಮನೆಗೋ ಕೋಚ್‌ನ ಮನೆಗೋ ಹೋಗುತ್ತಾನೆ, ಎರಡರಲ್ಲಿ ಯಾವ ಮನೆಗೆ ಹೋದರೂ ಸಾಯುವವರು ನಮ್ಮವರೇ ಎಂದು ಲಾರಿಯ ಕಥೆ ಕಟ್ಟಿದ್ದ. ಕಾಲೇಜಿನವರಿಗೂ ಅದು ಅನುಕೂಲವೇ ಆಯಿತು. ಅವನು ಮನೆಯ ಕಾರಣದಿಂದ ಊರಿಗೆ ಮರಳಿದ ಎಂದು ಬರೆದುಕೊಂಡರು. ಹಾಗೆ ನಿಮ್ಮಪ್ಪ ಮೊದಲನೆಯವರಾದರು.

ಆಂಬ್ರೋಸ್ ಭಾನುವಾರ ಊರಲ್ಲಿದ್ದರೆ ಸಾಕು, ಬಂದು ವೆಂಡೆಲ್‌ಗೆ ಗಡ್ಡ ಹೆರೆಯುತ್ತಿದ್ದ. ನೊರೆ ಹಚ್ಚಿ, ಕತ್ತಿ ಮಸೆದು, ಒಂದು ಗೀರೂ ಆಗದ ಹಾಗೆ. ನಾನು ಬಿಸಿನೀರು ತಂದಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮೊದಲ ವರ್ಷ ಆಂಬ್ರೋಸ್ ಸಾಯಲಿ ಎಂದು ನಿಂತಿದ್ದೆ. ಆಮೇಲೆ ಯಾಕೆ ನಿಂತೆ ಎಂದು ನೀನು ಕೇಳಬೇಡ, ನೀನು ಹುಟ್ಟಿರುವುದೇ ಅದಕ್ಕೆ ಉತ್ತರ. ವೆಂಡೆಲ್ ಪ್ರತಿ ಭಾನುವಾರವೂ ಒಂದೇ ಪ್ರಶ್ನೆ ಕೇಳುತ್ತಿದ್ದ. "ಅವತ್ತು ನನ್ನ ಮೇಲೆ ಬರೋಕೆ ಮುಂಚೆ ಏನೋ ಅಂದ್ಯಲ್ಲ. ತುಟಿ ಆಡಿದ್ದು ಕಾಣ್ತು, ಹೆಲ್ಮೆಟ್ ಒಳಗೆ ಕೇಳಿಸ್ಲಿಲ್ಲ. ಏನಂದೆ?" ಆಂಬ್ರೋಸ್, "ಮಾತಾಡ್ಬೇಡ, ಕತ್ತಿ ತಾಗುತ್ತೆ" ಎನ್ನುತ್ತಿದ್ದ. ಕೊನೆಗೂ ಹೇಳಲಿಲ್ಲ. ನನಗೂ ಹೇಳಿರಲಿಲ್ಲ.

ನಿಮ್ಮಪ್ಪ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಹುಡುಗರನ್ನು ಆಡಿಸಿದರಲ್ಲ, ಅವರ ಕೊರಳಲ್ಲಿ ಒಂದು ದಿನವಾದರೂ ಸೀಟಿ ನೋಡಿದ್ದೀಯಾ? ಚಪ್ಪಾಳೆ ತಟ್ಟಿ ಕರೆಯುತ್ತಿದ್ದರು. ಎಷ್ಟು ಸೌಮ್ಯ ಮನುಷ್ಯ ಎಂದು ಊರು ಹೊಗಳಿತು. ನೀನೂ ಅವರ ಬೀಳ್ಕೊಡುಗೆಯ ಭಾಷಣದಲ್ಲಿ ಅದನ್ನೇ ಹೇಳಿದೆ. ನಾನು ಕೆಳಗೆ ಕೂತು ಚಪ್ಪಾಳೆ ಹೊಡೆದೆ.

ಈಗ ಅವರು ಹೇಗಿದ್ದಾರೆ ಎನ್ನುವುದನ್ನು ನಿನಗೆ ಸ್ವಲ್ಪ ಸ್ವಲ್ಪವಾಗಿ ಹೇಳುತ್ತಾ ಬಂದಿದ್ದೇನೆ. ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿತು, ಚರ್ಚಿಗೆ ಎರಡು ಬೇರೆ ಬೇರೆ ಬೂಟು ಹಾಕಿಕೊಂಡು ಹೊರಟರು, ಇಂಥ ನಗುವ ಸಂಗತಿಗಳನ್ನು. ನಗು ಬರದಂಥವನ್ನು ನನ್ನಲ್ಲೇ ಇಟ್ಟುಕೊಂಡೆ. ಬೇಸಿಗೆಯಲ್ಲಿ ಜ್ಯಾಕ್ಸನ್ನಿನ ಡಾಕ್ಟರು, ಆ ಕಾಲದಲ್ಲಿ ತಲೆಗೆ ಬಿದ್ದ ಪೆಟ್ಟುಗಳೆಲ್ಲ ಒಳಗೇ ಉಳಿದುಕೊಂಡಿವೆ, ಈಗ ಒಂದೊಂದಾಗಿ ಏಳುತ್ತಿವೆ ಎಂದರು. "ಇವರ ಜೊತೆ ಮನೇಲಿ ನೀವೊಬ್ರೇನಾ ಇರೋದು?" ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಅವರು ಚೀಟಿಯಲ್ಲಿ ತಮ್ಮ ಮನೆಯ ನಂಬರನ್ನೂ ಬರೆದುಕೊಟ್ಟರು.

ಹಿತ್ತಲಲ್ಲಿ ಪೀಕನ್ ಮರದ ಆಚೆ ಹುಲ್ಲು ಸವೆದು ದುಂಡಗೆ ಮಣ್ಣು ಕಾಣುತ್ತಿದೆ. ನಿಮ್ಮಪ್ಪ ಬೆಳಿಗ್ಗೆ ಎದ್ದು ಅಲ್ಲಿ ಸುತ್ತು ಹೊಡೆಯುತ್ತಾರೆ. ಸುತ್ತುವಾಗ ನಡುವೆ ಕಾಲಿಡುವುದಿಲ್ಲ, ಅಲ್ಲಿ ಯಾರೋ ನಿಂತಿರುವ ಹಾಗೆ ದೂರ ಇಟ್ಟೇ ನಡೆಯುತ್ತಾರೆ. ನಾಯಿ ಹನ್ನೆರಡು ವರ್ಷದಿಂದ ಅವರ ಮಂಚದ ಕೆಳಗೆ ಮಲಗುತ್ತಿತ್ತು, ಈಗ ಮನೆಯೊಳಗೇ ಬರುವುದಿಲ್ಲ. ಅನ್ನ ಹಾಕಿ ಕರೆದರೂ ಜಗಲಿಯ ಅಡಿಯಿಂದ ಕಣ್ಣು ಮಾತ್ರ ಹೊಳೆಯುತ್ತದೆ.

ರಸ್ತೆಯಾಚೆಯ ಮೈದಾನದಲ್ಲಿ ಈ ವರ್ಷದಿಂದ ಚಿಕ್ಕ ಮಕ್ಕಳ ತಂಡ ಶುರುವಾಗಿದೆ. ನಮ್ಮ ಮೊಣಕಾಲಷ್ಟು ಎತ್ತರದ ಪುಟಾಣಿಗಳು, ಹೆಲ್ಮೆಟ್ಟಿನ ಭಾರಕ್ಕೇ ಬೀಳುತ್ತವೆ. ನೋಡಲು ಚೆಂದ. ಆದರೆ ಸಂಜೆಯಾದರೆ ನಾನು ಕಿಟಕಿಗಳನ್ನೆಲ್ಲ ಮುಚ್ಚಿ ರೇಡಿಯೋದಲ್ಲಿ ದೇವರ ಹಾಡನ್ನು ಕಿವಿ ಒಡೆಯುವಷ್ಟು ಜೋರಾಗಿ ಹಾಕುತ್ತೇನೆ. ಪಕ್ಕದ ಮನೆಯ ಓಝೆಲ್ಲಾ ಮೊನ್ನೆ ಬೇಲಿಗೆ ಒರಗಿಕೊಂಡು, "ಏನೇ ವರ್ನೀಸ್, ದೇವರಿಗೆ ಕಿವಿ ಮಂದವಾಗಿದ್ಯಾ? ಇಲ್ಲ ನಿಂಗಾ?" ಎಂದಳು. "ಇಬ್ಬರಿಗೂ ಕಣೇ" ಎಂದೆ.

ಈಗ ಶನಿವಾರದ ವಿಷಯಕ್ಕೆ ಬರುತ್ತೇನೆ. ಕಾಲೇಜಿನಿಂದ ಬಂದ ದಪ್ಪ ಕಾಗದದ ಆಮಂತ್ರಣ ನಿನಗೂ ಬಂದಿದೆ. ನೀನು ಅದರಲ್ಲಿ ನಿಮ್ಮಪ್ಪನ ಹೆಸರು, ಮಗನ ಹೆಸರು ನೋಡಿ ಕಣ್ಣು ತುಂಬಿಕೊಂಡೆ. ನಾನು ಕೆಳಗಿನ ಸಣ್ಣ ಅಕ್ಷರ ಓದಿದೆ. ಮೊದಲ ಸೀಟಿಗೆ ಇಡೀ ತಂಡ ಮೈದಾನದ ನಡುವೆ ಸುತ್ತುಗಟ್ಟಿ ನಿಲ್ಲುತ್ತದೆ. ಎರಡನೆಯ ಸೀಟಿಗೆ ಹಳೆಯ ನಲವತ್ತನಾಲ್ಕು, ಹೊಸ ನಲವತ್ತನಾಲ್ಕು ಅದರೊಳಗೆ ಎದುರುಬದುರಾಗುತ್ತಾರೆ. ಮೂರನೆಯ ಸೀಟಿಗೆ ಎಮರಿ ತಲೆ ಬಾಗಿಸುತ್ತಾನೆ, ತಾತ ಅವನಿಗೆ ಹೆಲ್ಮೆಟ್ ತೊಡಿಸುತ್ತಾರೆ.

ಕಾಲೇಜಿಗೆ ಫೋನ್ ಮಾಡಿದೆ. ಅವತ್ತು ಓಝೆಲ್ಲಾಳ ಮನೆಯಿಂದ ಮಾಡಿದ್ದು. ಸಮಾರಂಭ ನೋಡಿಕೊಳ್ಳುವ ಹುಡುಗ ಬಲು ನಯವಾಗಿ ಮಾತಾಡಿದ. ಸುತ್ತುಗಟ್ಟಿ ನಿಲ್ಲುವುದು ಯಾರ ಯೋಚನೆ ಎಂದು ಕೇಳಿದೆ. "ನಂದೇ ಅಜ್ಜಿ. ಹಳೇ ಫೋಟೋ ಒಂದ್ರಲ್ಲಿ ನೋಡ್ದೆ, ಮೈ ಜುಂ ಅಂತು. ಅವತ್ತು ಹೇಗೆ ನಿಂತಿದ್ರೋ ಹಾಗೇ ನಿಲ್ಲಿಸ್ತಿದೀವಿ. ಅಂಗಿ ಬಣ್ಣನೂ ಹಳೇದೇ" ಎಂದ. ಸೀಟಿ ಬೇಡ ಮಗು ಎಂದೆ. "ಸೀಟಿ ಇಲ್ದೆ ಫುಟ್ಬಾಲ್ ಎಲ್ಲಾದ್ರೂ ಉಂಟಾ ಅಜ್ಜಿ?" ಎಂದು ನಕ್ಕ. ಯಾಕೆ ಬೇಡ ಎಂದು ಅವನಿಗೆ ಹೇಳಬೇಕಾದರೆ ವೆಂಡೆಲ್‌ನನ್ನು ಗೋರಿಯಿಂದ ಎಬ್ಬಿಸಬೇಕಿತ್ತು. ಸರಿ ಮಗು ಎಂದು ಫೋನ್ ಇಟ್ಟೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಾವು ಯಾರೂ ಹೇಳದೇ ಇದ್ದದ್ದು ಅವನಿಗೆ ಹೇಗೆ ಗೊತ್ತಾಗಬೇಕು?

ನಿಮ್ಮಪ್ಪನಿಗೆ ಹೋಗುವ ಆಸೆ ಇದೆ, ಅದೇ ನನ್ನ ಸಂಕಟ. ತಲೆ ತಿಳಿಯಾಗಿರುವಾಗ ಸೂಟು ತೆಗೆಸಿ, ಬ್ರಷ್ ಹಾಕಿ, ಕನ್ನಡಿಯ ಮುಂದೆ ನಿಲ್ಲುತ್ತಾರೆ. "ಮೊಮ್ಮಗನ ತಲೆ ಮೇಲೆ ನಾನೇ ಇಡ್ತೀನಂತೆ ಕಣೇ. ಆ ದಿನದವರೆಗೂ ನನ್ನ ಸರಿಯಾಗಿ ಇಟ್ಕೊ" ಎಂದರು ನಿನ್ನೆ. ಇಟ್ಟುಕೊಳ್ಳುತ್ತೇನೆ ಎಂದೆ. ಇನ್ನೊಂದು ಗಂಟೆಗೆ ಅದೇ ಸೂಟಿನಲ್ಲಿ ಹಿತ್ತಲಲ್ಲಿ ಸುತ್ತುತ್ತಿದ್ದರು.

ಅದಕ್ಕೇ ಕೇಳಿಕೊಳ್ಳುತ್ತೇನೆ. ಶುಕ್ರವಾರ ಕಾರು ತೆಗೆದುಕೊಂಡು ಬರಬೇಡ. ಕಾಲೇಜಿನವರಿಗೆ ನೀನು ಫೋನ್ ಮಾಡು, ನಿನ್ನ ಮಾತಿಗೆ ತೂಕವಿದೆ. ನಿಮ್ಮಪ್ಪನಿಗೆ ಹುಷಾರಿಲ್ಲ ಎನ್ನು, ಏನು ಬೇಕಾದರೂ ಎನ್ನು. ಎಮರಿ ಬೇರೆಯವರ ಕೈಯಿಂದ ಹೆಲ್ಮೆಟ್ ತೊಡಲಿ. ಬೇಕಿದ್ದರೆ ಆಮೇಲೆ ಒಂದು ಭಾನುವಾರ ಈ ಮನೆಗೆ ಬಂದು, ಸುತ್ತ ಯಾರೂ ಇಲ್ಲದೆ, ತಾತನ ಪಕ್ಕದಲ್ಲಿ ಕೂತು, ಮಾಮೂಲಿ ಅಂಗಿಯಲ್ಲಿ ಇನ್ನೊಮ್ಮೆ ತೊಡಿಸಿಕೊಳ್ಳಲಿ. ನಿಮ್ಮಪ್ಪನಿಗೆ ಅವತ್ತೇ ಶನಿವಾರ ಎಂದು ನಾನು ನಂಬಿಸುತ್ತೇನೆ. ಹಜಾರದ ಫೋಟೋವನ್ನು ನೀನು ತೆಗೆದರೂ ಸರಿ, ಬಿಟ್ಟರೂ ಸರಿ. ನನಗೆ ಅಣ್ಣನದೆಂದು ಇರುವುದು ಆ ಬೆನ್ನು ಒಂದೇ.

ನೀನು ಇದನ್ನು ಓದಿ ನಿಮ್ಮಪ್ಪನನ್ನು ದ್ವೇಷಿಸಬಾರದು. ಆರು ವರ್ಷ ಭಾನುವಾರಗಳಂದು ವೆಂಡೆಲ್‌ನ ಮುಖಕ್ಕೆ ಬಿಸಿನೀರಿನ ಬಟ್ಟೆ ಒತ್ತಿದ ಕೈಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರಿಬ್ಬರನ್ನೂ ಸುತ್ತುಗಟ್ಟಿ ನಿಲ್ಲಿಸಿದವರು ಮಾತ್ರ ಚೆನ್ನಾಗಿ ಬಾಳಿ, ಚೆನ್ನಾಗಿ ವಯಸ್ಸಾಗಿ ಸತ್ತರು.

ಓಝೆಲ್ಲಾ ಅಂಚೆಗೆ ಹೊರಟಿದ್ದಾಳೆ, ಬೇಲಿಯ ಬಳಿ ಕೂಗುತ್ತಿದ್ದಾಳೆ. ಗುರುವಾರದೊಳಗೆ ನಿನ್ನ ಕೈ ಸೇರಲಿ.

ನಿನ್ನ ಹಟಮಾರಿತನಕ್ಕೆ ಮೂಲವಾದ,
ಅಮ್ಮ
ವರ್ನೀಸ್ ಟಾಲಿವರ್

ಮರೆತ ಮಾತು: ಓಝೆಲ್ಲಾಳನ್ನು ಸ್ವಲ್ಪ ಕಾಯಲು ಹೇಳಿ ಮತ್ತೆ ಕೂತೆ. ನಿಜವಾಗಿ ಮರೆತಿರಲಿಲ್ಲ. ತಿಳಿದರೆ ನೀನು ನಿಮ್ಮಪ್ಪನನ್ನು ಯಾವುದಾದರೂ ವೃದ್ಧಾಶ್ರಮಕ್ಕೆ ಸೇರಿಸಿಬಿಡುತ್ತೀಯ ಎಂದು ಬರೆಯದೆ ಬಿಟ್ಟಿದ್ದೆ. ಆದರೆ ಮೇಲಿನದನ್ನೆಲ್ಲ ಓದಿಯೂ ನೀನು ಮುದುಕಿಯ ಭ್ರಮೆ ಎಂದುಕೊಂಡು ಕಾರು ಹತ್ತಬಹುದು. ಹಿತ್ತಲ ಮೆಟ್ಟಿಲಿಗೆ ಏನೂ ಆಗಿರಲಿಲ್ಲ. ನಾನು ಅಲ್ಲಿ ಜಾರಲಿಲ್ಲ. ಅವತ್ತು ಸಂಜೆ ಅಡುಗೆಮನೆಯಲ್ಲಿ ಬಟ್ಟೆಚೂರು ಎದೆಯ ನೇರಕ್ಕೆ ಎಲ್ಲಿ ಬರುತ್ತದೆ ಎಂದು ನೋಡಲು ಎಮರಿಯ ಜರ್ಸಿಯನ್ನು ನಾನೇ ತೊಟ್ಟುಕೊಂಡಿದ್ದೆ. ಬಾಯಲ್ಲಿ ಗುಂಡುಸೂಜಿಗಳಿದ್ದವು. ನಿಮ್ಮಪ್ಪ ಮೇಜಿನ ಬಳಿ ಪೀಕನ್ ಕಾಯಿ ಒಡೆಯುತ್ತಾ ಕೂತಿದ್ದರು. ಕಿಟಕಿ ತೆರೆದಿತ್ತು. ಮೈದಾನದಲ್ಲಿ ಸೀಟಿ ಕೇಳಿಸಿತು, ಅವರು ಎದ್ದು ನಿಂತರು. ನೀರಿಗೆಂದುಕೊಂಡೆ. ಇನ್ನೊಂದು ಸೀಟಿಗೆ ಬಗ್ಗಿ ಒಂದು ಕೈಯನ್ನು ನೆಲಕ್ಕೆ ಊರಿದರು. ಸೂಜಿಗಳ ನಡುವೆ ಅವರ ಹೆಸರು ಕರೆಯಲು ನನ್ನಿಂದ ಆಗಲಿಲ್ಲ. ನಾನು ತಲೆ ತಗ್ಗಿಸಿ ಸೂಜಿಗಳನ್ನು ಅಂಗೈಗೆ ಉಗುಳುತ್ತಿದ್ದೆ. ಆಗ ಅವರು, ಗಡ್ಡ ಹೆರೆಯುವಾಗ ಮಾತಾಡುತ್ತಿದ್ದ ಅದೇ ಮೆಲುದನಿಯಲ್ಲಿ, "ತಲೆ ಎತ್ತೋ ವೆಂಡೆಲ್. ನಾನು ಬರ್ಲೇಬೇಕು, ತಲೆ ಎತ್ತೋ" ಎಂದರು. ಅಣ್ಣ ಆರು ವರ್ಷ ಕೇಳಿದ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಹಾಗೆ. ನಾನು ತಲೆ ಎತ್ತಿದೆ, ಮೂರನೆಯ ಸೀಟಿ ಕೇಳಿಸಿತು, ಅವರು ನುಗ್ಗಿದರು. ತಲೆ ಎತ್ತಿದ್ದರಿಂದ ಕತ್ತು ಉಳಿಯಿತು, ಬರೀ ಕೈ ಮುರಿಯಿತು. ಶನಿವಾರ ಎಮರಿ ತಲೆ ಬಗ್ಗಿಸಿ ನಿಂತಿರುತ್ತಾನೆ.